ಭಟ್ಟಿಯ ಹೊತ್ತಿಗೆ ಓಟ ಹೊಂದಿಸುವುದು: ಬಳ್ಳಾರಿಯ ಬೇಕರಿ ಸುತ್ತು

ಬೆಳಿಗ್ಗೆ ಐದೂವರೆಗೆ ಎದ್ದು ಓಡಿ, ಆರೂವರೆಗೆ ಬೇಕರಿ ಮುಂದೆ ನಿಂತರೆ ಗಾಜಿನ ಪೆಟ್ಟಿಗೆಯೊಳಗೆ ಕಾಣುವುದು ನಿನ್ನೆಯ ಕೇಕು, ನಿನ್ನೆಯ ಪಫ್ಸು. ಬೇಕರಿಯಿಂದ ಬೇಕರಿಗೆ ಓಡುತ್ತಾ, ಒಂದೊಂದು ಕಡೆ ನಿಂತು ಏನಾದರೂ ತಿನ್ನುವ ಬೇಕರಿ ಓಟಕ್ಕೆ ಹೊರಟು ನಿರಾಸೆಯಾಗುವವರು ಹೆಚ್ಚಾಗಿ ಎಡವುವುದು ಇಲ್ಲೇ. ದಾರಿಯನ್ನು ಮೊಬೈಲಿನಲ್ಲಿ ಅಚ್ಚುಕಟ್ಟಾಗಿ ಅಳೆದುಕೊಂಡಿರುತ್ತಾರೆ, ಭಟ್ಟಿಯಿಂದ ಟ್ರೇ ಎಷ್ಟೊತ್ತಿಗೆ ಹೊರಗೆ ಬರುತ್ತದೆ ಅಂತ ಮಾತ್ರ ಕೇಳಿರುವುದಿಲ್ಲ. ಓಟವನ್ನು ಭಟ್ಟಿಯ ಹೊತ್ತಿಗೆ ಹೊಂದಿಸಬೇಕು. ಭಟ್ಟಿ ನಮ್ಮ ಹೊತ್ತಿಗೆ ಹೊಂದುವುದಿಲ್ಲ.

ಹಳೇ ಇಟ್ಟಿಗೆ ಭಟ್ಟಿ ಹೇಗೆ ನಡೆಯುತ್ತದೆ ಅಂತ ತಿಳಿದರೆ ಅರ್ಧ ಲೆಕ್ಕ ಮುಗಿದ ಹಾಗೆ. ಕಟ್ಟಿಗೆಯನ್ನು ಭಟ್ಟಿಯ ಹೊಟ್ಟೆಯೊಳಗೇ ಉರಿಸುತ್ತಾರೆ. ಇಟ್ಟಿಗೆ ಚೆನ್ನಾಗಿ ಕಾದ ಮೇಲೆ ಕೆಂಡ, ಬೂದಿ ಎಳೆದು, ಒದ್ದೆ ಗೋಣಿಯಿಂದ ನೆಲ ಒರೆಸಿ, ಕಾವು ಎಲ್ಲ ಕಡೆ ಸಮನಾಗಲಿ ಅಂತ ಬಾಯಿ ಮುಚ್ಚಿ ಸ್ವಲ್ಪ ಹೊತ್ತು ಬಿಡುತ್ತಾರೆ. ಅಲ್ಲಿಂದ ಮುಂದೆ ಬೆಂಕಿ ಇಲ್ಲ. ಇಟ್ಟಿಗೆ ಕುಡಿದಿಟ್ಟ ಶಾಖವೇ ಬಂಡವಾಳ, ಅದು ತಾಸು ತಾಸಿಗೂ ಇಳಿಯುತ್ತಾ ಹೋಗುತ್ತದೆ. ಆದ್ದರಿಂದ 200 ಡಿಗ್ರಿಗಿಂತ ಮೇಲಿನ ಜೋರು ಕಾವಿಗೆ ಬ್ರೆಡ್ಡು, ಬನ್ನು, ಪಫ್ಸು ಹೋಗುತ್ತವೆ. ಕಾವು 170, 180ಕ್ಕೆ ಇಳಿದಾಗ ಕೇಕು, 150, 160ರ ಹತ್ತಿರ ಬೆಣ್ಣೆ ಬಿಸ್ಕತ್ತು, ನಾನ್‌ಖಟಾಯಿ. ಕೊನೆಗೆ ಉಳಿದ ಮಂದ ಕಾವಿನಲ್ಲಿ ಟೋಸ್ಟ್ ಒಣಗುತ್ತದೆ, ರಾತ್ರಿಯಿಡೀ ಒಳಗೆ ಬಿಟ್ಟರೂ ಅದು ಸೀಯುವುದಿಲ್ಲ. ಈಗ ಕರೆಂಟಿನ, ಡೀಸೆಲ್ಲಿನ ಓವನ್ ಬಂದಿವೆ, ಕಾವನ್ನು ಬೇಕಾದಂತೆ ಏರಿಸಬಹುದು, ಇಳಿಸಬಹುದು. ಆದರೂ ಕೆಲಸದ ಸರದಿ ಹೆಚ್ಚಿನ ಕಡೆ ಹಳೆಯದೇ. ಬನ್ನು, ಬ್ರೆಡ್ಡು ಬೆಳಗಿನ ಜಾವದ ಕೆಲಸ. ಪಫ್ಸಿನ ಮೊದಲ ಟ್ರೇ ಎಂಟರಿಂದ ಒಂಬತ್ತರ ನಡುವೆ, ಎರಡನೆಯದು ಸಂಜೆ ನಾಲ್ಕರಿಂದ ಐದರೊಳಗೆ.

ಇದು ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ, ಕೇಳಿಯೇ ತಿಳಿಯಬೇಕು. ಸಂಜೆ ಗಿರಾಕಿ ಕಡಿಮೆ ಇದ್ದಾಗ ಗಲ್ಲಾದ ಹತ್ತಿರ ನಿಂತು, “ಅಣ್ಣಾ, ಬೆಳಿಗ್ಗೆ ಪಫ್ಸ್ ಎಷ್ಟೊತ್ತಿಗೆ ತೆಗೀತೀರಿ? ಇಲ್ಲೇ ಮಾಡ್ತೀರೋ, ಹೊರಗಿಂದ ಬರ್ತಾವೋ?” ಅಂತ ಕೇಳಿದರೆ ಸಾಕು. ಎರಡನೇ ಪ್ರಶ್ನೆ ಮೊದಲನೆಯದಕ್ಕಿಂತ ಮುಖ್ಯ. ಒಂದೇ ಕಡೆ ತಯಾರಾಗಿ ಪ್ಲಾಸ್ಟಿಕ್ ಕ್ರೇಟಿನಲ್ಲಿ ಆಟೋ ಹತ್ತಿ ಹತ್ತು ಅಂಗಡಿಗೆ ಹೋಗುವ ಮಾಲಾದರೆ ಮೂರು ಬೇಕರಿ ಸುತ್ತಿದರೂ ತಿನ್ನುವುದು ಒಂದೇ ಪಫ್ಸನ್ನು. ಸ್ವಂತ ಭಟ್ಟಿ ಇದ್ದರೆ ಗುರುತು ಸಿಗುತ್ತದೆ: ಹಿಂದುಗಡೆ ಹೊಗೆ ಕೊಳವೆ ಅಥವಾ ಕಟ್ಟಿಗೆ ರಾಶಿ, ಗೋಡೆಗೆ ಒರಗಿಸಿಟ್ಟ ಕಪ್ಪುಗಟ್ಟಿದ ಟ್ರೇಗಳು, ಅಂಗಡಿ ಬಾಗಿಲಿಗಿಂತ ಹತ್ತು ಹೆಜ್ಜೆ ಮೊದಲೇ ಮೂಗಿಗೆ ಬಡಿಯುವ ವಾಸನೆ.

ನವೆಂಬರಿನಿಂದ ಫೆಬ್ರವರಿವರೆಗೆ ಬಳ್ಳಾರಿಯಲ್ಲಿ ಈ ಓಟಕ್ಕೆ ಹೇಳಿ ಮಾಡಿಸಿದ ಕಾಲ. ಜನವರಿಯಲ್ಲಿ ಸೂರ್ಯ ಹುಟ್ಟುವುದೇ ಆರೂಮುಕ್ಕಾಲಿನ ಹೊತ್ತಿಗೆ, ಒಂಬತ್ತರವರೆಗೂ ಬಿಸಿಲು ಸುಡುವುದಿಲ್ಲ. ಏಳು ಕಿಲೋಮೀಟರು, ಮೂರು ಬೇಕರಿ ಅಂತ ಇಟ್ಟುಕೊಳ್ಳಿ. ಕಿಲೋಮೀಟರಿಗೆ ಏಳು ನಿಮಿಷದ ಆರಾಮದ ಓಟ. 7:30ಕ್ಕೆ ಹೊರಟು ಎರಡೂವರೆ ಕಿಲೋಮೀಟರು ಓಡಿದರೆ 7:48ಕ್ಕೆ ಮೊದಲ ಬೇಕರಿ, ಅಲ್ಲಿ ಬನ್ನು. ಹತ್ತು ನಿಮಿಷ ನಿಂತು ಮತ್ತೆ ಎರಡೂವರೆ ಕಿಲೋಮೀಟರು ಓಡಿದರೆ 8:15ರ ಸುಮಾರಿಗೆ ಎರಡನೆಯದು, ಅಲ್ಲಿ ಒಂದು ಸಿಹಿ. ಮತ್ತೆ ಹತ್ತು ನಿಮಿಷ, ಎರಡು ಕಿಲೋಮೀಟರು, 8:40ಕ್ಕೆ ಮೂರನೆಯದು. ಅಲ್ಲಿ ಎಂಟೂವರೆಗೆ ತೆಗೆದ ಪಫ್ಸು ಹತ್ತು ನಿಮಿಷ ಆರಿ ತಿನ್ನುವ ಹದಕ್ಕೆ ಬಂದಿರುತ್ತದೆ. ಓಟ ಅಲ್ಲಿಗೆ ಮುಗಿಯಬೇಕು, ಮನೆಗೆ ನಡೆದೇ ಹೋಗಬೇಕು. ಹಾಗಾಗಿ ಸುತ್ತನ್ನು ಮನೆಯಿಂದ ಶುರು ಮಾಡಿ ಲೆಕ್ಕ ಹಾಕಬೇಡಿ. ಮೂರನೇ ಬೇಕರಿ ಮನೆಗೆ ಹತ್ತಿರ ಇರುವಂತೆ ಹಿಂದಿನಿಂದ ಮುಂದಕ್ಕೆ ಕಟ್ಟಿಕೊಂಡು ಬನ್ನಿ.

ಬನ್ನು, ಸಿಹಿ, ಪಫ್ಸು ಅನ್ನುವ ಈ ಸರದಿಯನ್ನು ಹೊಟ್ಟೆ ಹೇಳಿಕೊಟ್ಟಿದೆ. ಓಡುವಾಗ ರಕ್ತ ಕಾಲಿನ ಸ್ನಾಯುಗಳ ಕಡೆ, ಚರ್ಮದ ಕಡೆ ಹೋಗುತ್ತದೆ, ಜಠರಕ್ಕೆ ಸಿಗುವ ಪಾಲು ಕಡಿಮೆ. ಆ ಹೊತ್ತಿಗೆ ಒಳಗೆ ಕೊಬ್ಬು ಬಿದ್ದರೆ ಅದು ಅಲ್ಲೇ ಕೂತುಬಿಡುತ್ತದೆ, ಹೊಟ್ಟೆ ಖಾಲಿಯಾಗಲು ಅತಿ ಹೆಚ್ಚು ಸಮಯ ಬೇಡುವುದೇ ಕೊಬ್ಬು. ಪಫ್ಸನ್ನು ಮೊದಲ ಬೇಕರಿಯಲ್ಲೇ ತಿಂದವರಿಗೆ ಮುಂದಿನ ಕಿಲೋಮೀಟರಿನಲ್ಲಿ ಹುಳಿತೇಗು, ಎದೆ ಉರಿ, ಪಕ್ಕೆ ಹಿಡಿಯುವುದು ಶುರುವಾಗುತ್ತದೆ. ಮೊಟ್ಟೆ ಪಫ್ಸಾದರೆ ತೇಗಿನ ಜೊತೆ ಅದರ ವಾಸನೆಯೂ ಬರುತ್ತದೆ. ಬನ್ನಿನಲ್ಲಿ ಕೊಬ್ಬು ಕಡಿಮೆ, ಮೈದಾ ಬೇಗ ಕರಗುತ್ತದೆ, ಅರ್ಧ ಬನ್ನು ತಿಂದು ಹತ್ತು ನಿಮಿಷಕ್ಕೆ ನಿಧಾನವಾಗಿ ಓಡಬಹುದು. ಪಕ್ಕೆ ಹಿಡಿದರೆ ನಿಲ್ಲಿ, ಹಿಡಿದ ಜಾಗವನ್ನು ಬೆರಳಿನಿಂದ ಒತ್ತಿ, ಮುಂದಕ್ಕೆ ಬಾಗಿ, ಬಾಯಿಂದ ಉದ್ದಕ್ಕೆ ಉಸಿರು ಬಿಡಿ. ಎರಡು ನಿಮಿಷ ನಡೆದ ಮೇಲೂ ಹೋಗದಿದ್ದರೆ ಆ ದಿನ ಓಟ ಮುಗಿಯಿತು ಅಂತ ತಿಳಿಯಿರಿ.

ಬಾಯಲ್ಲಿ ತುತ್ತು ಇಟ್ಟುಕೊಂಡು ಮಾತ್ರ ಎಂದೂ ಓಡಬೇಡಿ. ಬೆಣ್ಣೆ ಬಿಸ್ಕತ್ತಿನ ಪುಡಿ, ಪಫ್ಸಿನ ಪದರದ ಚೂರು ಏದುಸಿರಿನ ಜೊತೆ ಗಂಟಲಿಗೆ ಎಳೆದುಕೊಂಡು ಹೋಗುತ್ತವೆ. ಉಸಿರು ಹದಕ್ಕೆ ಬಂದು ಮೂಗಿನಿಂದ ಆಡುವವರೆಗೆ ಎರಡು ಮೂರು ನಿಮಿಷ ಕಾಯಬೇಕು. ಮೊದಲು ಎರಡು ಗುಟುಕು ನೀರು, ಆಮೇಲೆ ತಿನಿಸು.

ಪ್ರಮಾಣದ ಮಾತು. ಒಬ್ಬರೇ ಹೋದರೆ ಮೂರು ಬೇಕರಿಯಲ್ಲಿ ಮೂರು ಪೂರ್ತಿ ತಿನಿಸು ತಿನ್ನುವ ಆಸೆ ಆಗುತ್ತದೆ, ಅದು ಕೆಡಿಸುತ್ತದೆ. ಮೂರು ನಾಲ್ಕು ಜನ ಸೇರಿ, ಒಂದೊಂದು ಕಡೆ ಒಂದೇ ತಿನಿಸು ತೆಗೆದುಕೊಂಡು, “ನಾಲ್ಕು ಪೀಸ್ ಮಾಡಿ ಕೊಡ್ರಿ” ಅಂದರೆ ಬೇಕರಿಯವರೇ ಚಾಕುವಿನಿಂದ ಕೊಯ್ದು ಪೇಪರ್ ಮೇಲಿಟ್ಟು ಕೊಡುತ್ತಾರೆ. ಲೆಕ್ಕಕ್ಕೆ ಒಂದು ಅಂದಾಜು ಇಟ್ಟುಕೊಳ್ಳಿ: ಬನ್ನು ಗ್ರಾಮಿಗೆ ಸುಮಾರು 3 ಕ್ಯಾಲರಿ, ಕೇಕು ಸುಮಾರು 4, ಬಿಸ್ಕತ್ತು 5ರ ಹತ್ತಿರ. ಪಫ್ಸು ಪಲ್ಯ ಎಷ್ಟಿದೆ ಅನ್ನುವುದರ ಮೇಲೆ ಮೂರೂವರೆಯಿಂದ ನಾಲ್ಕು. ಓಟ ಖರ್ಚು ಮಾಡಿಸುವುದು ದೇಹದ ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರಿಗೆ, ಸುಮಾರು 1 ಕ್ಯಾಲರಿ. 60 ಕಿಲೋ ತೂಕದವರು ಏಳು ಕಿಲೋಮೀಟರು ಓಡಿದರೆ 420. ಎಂಬತ್ತು ಗ್ರಾಮಿನ ಒಂದು ಪಫ್ಸು, ಅಷ್ಟೇ ತೂಕದ ಒಂದು ದಿಲ್‌ಪಸಂದ್ ತುಂಡು ತಿಂದರೆ ಅದಕ್ಕಿಂತ ಹೆಚ್ಚು ಒಳಗೆ ಹೋಗಿರುತ್ತದೆ. ತೂಕ ಇಳಿಸಲು ಓಡುವವರಿಗೆ ಬೇಕರಿ ಓಟ ದಾರಿಯಲ್ಲ. ತಿಂಗಳಿಗೆ ಎರಡು ಸಲ, ನಾಲಿಗೆಗೋಸ್ಕರ ಮಾಡುವ ಓಟ ಇದು. ಹಾಗೆ ತಿಳಿದು ಮಾಡಿದರೆ ಖುಷಿ ಕೊಡುತ್ತದೆ.

ಈಗ ಪಫ್ಸನ್ನು ಹತ್ತಿರದಿಂದ ನೋಡೋಣ, ಬೇಕರಿಯವನ ಕೈ ಎಂಥದು ಅಂತ ಹೇಳುವುದು ಇದೇ. ಮೈದಾ ಹಿಟ್ಟಿನ ಹಾಳೆಯ ಮೇಲೆ ಡಾಲ್ಡಾ ಅಥವಾ ಮಾರ್ಗರಿನ್ ಸವರಿ, ಮಡಚಿ, ಲಟ್ಟಿಸಿ, ಮತ್ತೆ ಮಡಚುತ್ತಾರೆ. ಓವನ್ನಿನಲ್ಲಿ ಹಿಟ್ಟಿನೊಳಗಿನ ನೀರು ಆವಿಯಾಗಿ ಪದರಗಳನ್ನು ಮೇಲಕ್ಕೆ ಎತ್ತುತ್ತದೆ, ನಡುವಿನ ಕೊಬ್ಬು ಒಂದಕ್ಕೊಂದು ಅಂಟದಂತೆ ಹಿಡಿಯುತ್ತದೆ. ಲಟ್ಟಿಸುವಾಗ ಆ ಕೊಬ್ಬು ಗಟ್ಟಿಯಾಗಿಯೇ ಇರಬೇಕು. ನಮ್ಮ ದೇಶದ ಡಾಲ್ಡಾ ಕರಗುವುದು 31ರಿಂದ 41 ಡಿಗ್ರಿಯ ನಡುವೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ಹಗಲು 40 ದಾಟುತ್ತದೆ, ಭಟ್ಟಿ ಪಕ್ಕದ ಕೋಣೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಮಧ್ಯಾಹ್ನ ಲಟ್ಟಿಸಿದರೆ ಕೊಬ್ಬು ಕರಗಿ ಹಿಟ್ಟಿನೊಳಗೆ ಇಳಿಯುತ್ತದೆ, ಪದರ ಪದರ ಸೇರಿ ಒಂದೇ ದಪ್ಪ ರೊಟ್ಟಿಯಾಗುತ್ತದೆ. ಬಲ್ಲವರು ಬೇಸಿಗೆಯಲ್ಲಿ ಈ ಕೆಲಸವನ್ನು ನಸುಕಿನಲ್ಲಿ ಮುಗಿಸುತ್ತಾರೆ, ಐಸ್ ನೀರಿನಲ್ಲಿ ಹಿಟ್ಟು ಕಲಸುತ್ತಾರೆ, ಒಂದೊಂದು ಮಡಿಕೆಯ ನಡುವೆ ಫ್ರಿಜ್ಜಿನಲ್ಲಿಡುತ್ತಾರೆ. ಹಾಗಾಗಿ ಬೇಸಿಗೆಯಲ್ಲಿ ಬೆಳಗಿನ ಟ್ರೇ, ಸಂಜೆಯದಕ್ಕಿಂತ ಮೇಲು.

ಕೈಯಲ್ಲಿ ಹಿಡಿದಾಗ ಒಳ್ಳೆಯ ಪಫ್ಸು ಅದರ ಗಾತ್ರಕ್ಕೆ ಹಗುರ. ಪಕ್ಕದ ಅಂಚನ್ನು ನೋಡಿ, ಪುಸ್ತಕದ ಹಾಳೆಗಳಂತೆ ಬಿಡಿಬಿಡಿ ಗೆರೆ ಕಾಣಬೇಕು. ತಳ ಕಂದು ಬಣ್ಣಕ್ಕೆ ಬೆಂದಿರಬೇಕು. ಮೇಲೆ ಕೆಂಪಗಾಗಿ ತಳ ಬಿಳಚಿಕೊಂಡಿದ್ದರೆ ಓವನ್ನಿನ ತಳದ ಕಾವು ಸಾಲದು, ಒಳಗೆ ಹಸಿಹಿಟ್ಟು ಹಲ್ಲಿಗೆ ಅಂಟುತ್ತದೆ. ಪೇಪರ್ ಮೇಲೆ ಒಂದು ನಿಮಿಷ ಇಟ್ಟು ಎತ್ತಿ: ಅಲ್ಲಲ್ಲಿ ಚುಕ್ಕೆ ಚುಕ್ಕೆ ಎಣ್ಣೆ ಸಹಜ, ಪೂರ್ತಿ ತ್ರಿಕೋನವೇ ಪೇಪರಿನಾಚೆ ಹೊಳೆಯುವಷ್ಟು ಮೂಡಿದರೆ ಕೊಬ್ಬು ಪದರದೊಳಗೆ ನಿಂತಿಲ್ಲ, ಸೋರಿದೆ. ತಿಂದ ಮೇಲೆ ಅಂಗುಳಿಗೆ ಮೇಣದ ಹಾಗೆ ಮೆತ್ತಿಕೊಂಡರೆ ಮೈಶಾಖಕ್ಕೂ ಕರಗದ ಗಟ್ಟಿ ಕೊಬ್ಬು ಬಳಸಿದ್ದಾರೆ. ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ 2022ರ ಜನವರಿಯಿಂದ ಶೇಕಡಾ 2 ಮೀರಬಾರದು ಅನ್ನುವುದು ಕಾನೂನು. ಆದರೆ ಬಿಡಿಯಾಗಿ ಮಾರುವ ಪಫ್ಸಿಗೆ ಲೇಬಲ್ ಇರುವುದಿಲ್ಲ, ಅಂಗುಳನ್ನೇ ನಂಬಬೇಕು.

ಗಾಜಿನ ಪೆಟ್ಟಿಗೆಯಲ್ಲಿ ಬಲ್ಬು ಹಾಕಿ ಬೆಚ್ಚಗಿಟ್ಟದ್ದು, ಮೈಕ್ರೋವೇವಿನಲ್ಲಿ ಮತ್ತೆ ಬಿಸಿ ಮಾಡಿದ್ದು, ಎರಡೂ ಬಿಸಿಯಾಗಿಯೇ ಇರುತ್ತವೆ, ಆದರೆ ಬೇರೆ ಬೇರೆ. ಮೈಕ್ರೋವೇವ್ ಪಲ್ಯದ ನೀರನ್ನು ಆವಿ ಮಾಡಿ ಪದರಕ್ಕೆ ತುಂಬುತ್ತದೆ. ಮೊದಲ ನಿಮಿಷ ಮೆತ್ತಗೆ, ಆರಿದ ಮೇಲೆ ಚರ್ಮದ ಹಾಗೆ ಎಳೆಯುತ್ತದೆ. “ಬಿಸಿ ಮಾಡಿ ಕೊಡ್ಲಾ?” ಅಂತ ಕೇಳಿದರೆ ಬೇಡ ಅನ್ನಿ, ತಣ್ಣಗಿದ್ದರೂ ಗರಿ ಉಳಿದಿರುತ್ತದೆ. ಪಾರ್ಸೆಲ್ ಬೇಕಿದ್ದರೆ ಪ್ಲಾಸ್ಟಿಕ್ ಚೀಲ ಬೇಡ, ಪೇಪರಿನಲ್ಲಿ ಸಡಿಲವಾಗಿ ಸುತ್ತಿಸಿಕೊಳ್ಳಿ.

ಖಾರ ಬನ್ನಿಗೆ ಬೇರೆ ಪರೀಕ್ಷೆ. ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಗುಳಿ ಮೇಲೆದ್ದು ಬರಬೇಕು. ಮುರಿದಾಗ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ, ಕೆಲವು ಕಡೆ ಸಬ್ಬಸಿಗೆ ಹಿಟ್ಟಿನ ತುಂಬ ಹರಡಿರಬೇಕು. ಈರುಳ್ಳಿಗೆ ಉಪ್ಪು ಬಿದ್ದರೆ ನೀರು ಬಿಡುತ್ತದೆ. ಅದನ್ನು ಹಿಂಡದೆ, ಬಾಡಿಸದೆ ಹಾಗೇ ಸುರಿದ ಕಡೆ ಈರುಳ್ಳಿ ಸುತ್ತ ಬನ್ನು ಅಂಟಂಟಾಗಿ, ಬೇಯದ ಹಾಗೆ ಕಾಣುತ್ತದೆ. ಹಿಟ್ಟು ಹುದುಗುವ ವೇಗ ಹತ್ತು ಡಿಗ್ರಿ ಏರಿದರೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಚಳಿಗಾಲದ ಅಳತೆಯಲ್ಲೇ ಬೇಸಿಗೆಯಲ್ಲೂ ಈಸ್ಟ್ ಹಾಕಿದವರ ಬನ್ನು ಹುಳಿ ವಾಸನೆ ಹೊಡೆಯುತ್ತದೆ, ಒಳಗೆ ದೊಡ್ಡ ದೊಡ್ಡ ತೂತು, ನೆತ್ತಿ ಕುಸಿದು ಸುಕ್ಕು. ಬೇಸಿಗೆಯಲ್ಲಿ ಇನ್ನೊಂದು ಎಚ್ಚರ ಬೇಕು. ನಿನ್ನೆಯ ಬನ್ನನ್ನೋ ಬ್ರೆಡ್ಡನ್ನೋ ಮುರಿದಾಗ ಒಳಗಿನ ತಿರುಳು ನೂಲಿನಂತೆ ಎಳೆ ಬಿಟ್ಟು, ಕೊಳೆತ ಕರಬೂಜದ ವಾಸನೆ ಬಂದರೆ ಬಾಯಿಗಿಡಬೇಡಿ. ಮೈದಾದಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ, ಸೆಕೆಗೆ ಎದ್ದು ಬ್ರೆಡ್ಡನ್ನು ಒಳಗಿನಿಂದ ಕೆಡಿಸುತ್ತವೆ. ಹೊರಗೆ ಬೂಸಲು ಇಲ್ಲದಿದ್ದರೂ ಅದು ಕೆಟ್ಟದ್ದೇ. ಬೇಕರಿಯವರಿಗೂ ಮೆಲ್ಲಗೆ ಹೇಳಿ, ಆ ಟ್ರೇ ಪೂರ್ತಿ ತೆಗೆದಿಡುತ್ತಾರೆ.

ಸಿಹಿಯಲ್ಲಿ ದಿಲ್‌ಪಸಂದ್ ತೆಗೆದುಕೊಂಡರೆ ಕೊಬ್ಬರಿಯ ವಾಸನೆ ನೋಡಿ ಸಾಕು. ಕಮಟಾಗಿದ್ದರೆ, ಅಥವಾ ನಾಲಿಗೆಯ ಹಿಂದೆ ಸೋಪಿನ ರುಚಿ ಬಂದರೆ ಕೊಬ್ಬರಿ ಹಳೆಯದು, ಏಲಕ್ಕಿ ಎಷ್ಟು ಹಾಕಿದರೂ ಅದು ಮುಚ್ಚುವುದಿಲ್ಲ. ಹನಿ ಕೇಕನ್ನು ಓಟದ ನಡುವೆ ತಿನ್ನಬೇಡಿ. ಪಾಕ ಕುಡಿದ ಆ ಕೇಕು ಹೊಟ್ಟೆಗೆ ಹೋದ ಕೂಡಲೇ ಬಾಯಾರಿಕೆ, ಕುಡಿದ ನೀರು ಹೊಟ್ಟೆಯಲ್ಲಿ ಕುಲುಕುವುದು, ಎರಡೂ ಒಟ್ಟಿಗೆ ಶುರುವಾಗುತ್ತವೆ.

ನಿಜವಾಗಿ ನಾಲಿಗೆ ಪಳಗಬೇಕು ಅಂದರೆ ಒಂದು ದಿನ ಒಂದೇ ತಿನಿಸು ಹಿಡಿಯಿರಿ. ಮೂರೂ ಬೇಕರಿಯಲ್ಲಿ ಬರೀ ಖಾರ ಬನ್ನು, ಇನ್ನೊಂದು ಭಾನುವಾರ ಬರೀ ಬೆಣ್ಣೆ ಬಿಸ್ಕತ್ತು. ಬೇರೆ ಬೇರೆ ತಿಂದಾಗ ತಿಳಿಯದ ವ್ಯತ್ಯಾಸ ಆಗ ಬಿಡಿಸಿಟ್ಟ ಹಾಗೆ ಗೊತ್ತಾಗುತ್ತದೆ. ಇದು ಮೂರು ಬಗೆ ತಿನ್ನುವುದಕ್ಕಿಂತ ಹೆಚ್ಚು ಸೊಗಸು ಅಂತಲೇ ನಮ್ಮ ಅಭಿಪ್ರಾಯ.

ದಾರಿಯ ವಿಷಯ. ಕಂಟೋನ್ಮೆಂಟ್ ಕಡೆ ರಸ್ತೆ ಅಗಲ, ಬೆಳಿಗ್ಗೆ ಓಡಲು ನೆಮ್ಮದಿ. ಗಾಂಧಿನಗರ, ಕಪ್ಪಗಲ್ ರಸ್ತೆ ಕಡೆ ಬೇಕರಿಗಳ ನಡುವಿನ ದೂರ ಕಡಿಮೆ, ಆದ್ದರಿಂದ ಒಳಬೀದಿ ಸುತ್ತಿ ಕಿಲೋಮೀಟರು ತುಂಬಿಸಬೇಕಾಗುತ್ತದೆ. ಕೌಲ್ ಬಜಾರಿನ ಓಣಿಗಳಲ್ಲಿ ಓಟಕ್ಕಿಂತ ನಡಿಗೆ ಸರಿ, ಖಾರಿ, ಪಾವ್, ನಾನ್‌ಖಟಾಯಿ ಹುಡುಕುವವರು ಅಲ್ಲಿಗೆ ಹೋಗಲೇಬೇಕು. ರಂಜಾನ್ ತಿಂಗಳಲ್ಲಿ ಅಲ್ಲಿಯ ಭಟ್ಟಿಗಳ ಕೆಲಸ ಸಂಜೆ, ರಾತ್ರಿಗೆ ಸರಿಯುತ್ತದೆ, ಬೆಳಿಗ್ಗೆ ಹೋದರೆ ಬಾಗಿಲು ಹಾಕಿರಬಹುದು. ರಾಯಲ್ ಸರ್ಕಲ್ಲು, ಮೋತಿ ಸರ್ಕಲ್ಲು ಎಂಟರೊಳಗೆ ದಾಟಿಬಿಡಿ, ಆಮೇಲೆ ಆಟೋ, ಬಸ್ಸಿನ ನಡುವೆ ಓಟದ ಲಯ ಉಳಿಯುವುದಿಲ್ಲ. ಹೊಸಪೇಟೆ ರಸ್ತೆಯಲ್ಲಿ ಊರಾಚೆ ಹೋಗಬೇಡಿ, ಭಾರಿ ಲಾರಿ, ಧೂಳು ಎರಡೂ ಇವೆ. ಕೋಟೆ ಗುಡ್ಡದ ಮೆಟ್ಟಿಲು ಹತ್ತುವ ಆಸೆ ಇದ್ದರೆ ಬೇಕರಿಗೆ ಮೊದಲೇ ಹತ್ತಿ ಇಳಿಯಿರಿ, ತುಂಬಿದ ಹೊಟ್ಟೆಯಲ್ಲಿ ಆ ಏರು ಬೇಡ. ಬೇಸಿಗೆ ಸಂಜೆ ಗುಡ್ಡದ ಬುಡದ ಸುತ್ತು ಹಿಡಿಯದಿರುವುದೇ ಒಳ್ಳೆಯದು. ಹಗಲೆಲ್ಲ ಕಾದ ಆ ಏಕಶಿಲೆ ಹೊತ್ತು ಮುಳುಗಿದ ಮೇಲೂ ಕಾವು ಉಗುಳುತ್ತಲೇ ಇರುತ್ತದೆ.

ನಾಯಿಗಳು ಗುಂಪಾಗಿ ಬಂದರೆ ಓಟ ನಿಲ್ಲಿಸಿ ನಡೆಯಿರಿ. ಕೈಯಲ್ಲಿ ಬನ್ನು ಹಿಡಿದು ಓಡುವವರನ್ನು ಅವು ಬಿಡುವುದಿಲ್ಲ.

ಮಾರ್ಚ್ ನಡುವಿನಿಂದ ಜೂನ್ ಮೊದಲ ಮಳೆವರೆಗೆ ಮೂರು ಬೇಕರಿಯ ಯೋಜನೆಯನ್ನೇ ಬಿಟ್ಟುಬಿಡಿ. ಆಗ ಐದೂಕಾಲಿಗೆ ಹೊರಟು ಆರೂವರೆಯೊಳಗೆ ಓಟ ಮುಗಿಸಿ, ಸ್ನಾನ ಮಾಡಿ, ಎಂಟೂವರೆಗೆ ನಡೆದು ಹೋಗಿ ಒಂದೇ ಬೇಕರಿಯಲ್ಲಿ ಕೂತು ತಿನ್ನುವುದು ಸರಿ. ಓಟಕ್ಕೆ ಮೊದಲು, ಆಮೇಲೆ ತೂಕ ನೋಡಿಕೊಂಡರೆ ಬೆವರಿನ ಲೆಕ್ಕ ಸಿಗುತ್ತದೆ: ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಗಿದೆ. ಅದನ್ನು ಒಂದೇ ಉಸಿರಿಗೆ ಕುಡಿಯಬಾರದು, ಒಂದೆರಡು ತಾಸಿನಲ್ಲಿ ಸ್ವಲ್ಪ ಸ್ವಲ್ಪ, ಉಪ್ಪಿನ ಜೊತೆ. ಖಾರ ಬನ್ನು, ಕಾಂಗ್ರೆಸ್ ಕಡ್ಲೆ, ಉಪ್ಪು ಹಾಕಿದ ಮಜ್ಜಿಗೆ ಆ ಕೆಲಸ ಮಾಡುತ್ತವೆ. ತಲೆ ಸುತ್ತು, ಚಳಿ ಬಂದ ಹಾಗೆ ನಡುಕ, ಬೆವರು ನಿಂತುಹೋಗುವುದು ಕಂಡರೆ ಓಟ ಅಲ್ಲಿಗೇ ನಿಲ್ಲಿಸಿ, ನೆರಳಿಗೆ ಹೋಗಿ, ಕುತ್ತಿಗೆ, ಕಂಕುಳಿಗೆ ನೀರು ಸುರಿಯಿರಿ. ಮಾತು ತೊದಲಿದರೆ, ದಿಕ್ಕು ತಪ್ಪಿದ ಹಾಗಾದರೆ ಕಾಯದೆ ಆಸ್ಪತ್ರೆಗೆ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ನೋ ಮಾತ್ರೆಯೋ ತೆಗೆದುಕೊಳ್ಳುವವರು ಡಾಕ್ಟರ ಹತ್ತಿರ ಮಾತಾಡದೆ ಇದಕ್ಕೆ ಇಳಿಯಬೇಡಿ. ಓಟ ಸಕ್ಕರೆಯನ್ನು ಇಳಿಸುತ್ತದೆ, ಮೈದಾ ಏರಿಸುತ್ತದೆ, ಎರಡರ ನಡುವಿನ ಏರುಪೇರು ಅವರಿಗೆ ಅಪಾಯ. ಮೊಟ್ಟೆ ತಿನ್ನದವರು ಕೇಕು ಮಾತ್ರವಲ್ಲ, ಬನ್ನಿನ ಹೊಳಪಿಗೂ ಮೊಟ್ಟೆ ಸವರಿದ್ದಾರೋ ಅಂತ ಕೇಳಬೇಕು.

ಜೇಬಿನಲ್ಲಿ ಹತ್ತು, ಇಪ್ಪತ್ತರ ನೋಟುಗಳು ಇರಲಿ, ಸಣ್ಣ ಪ್ಲಾಸ್ಟಿಕ್ ಕವರಿನೊಳಗೆ. ಬೆವರಿದ ಬೆರಳಿಗೆ ಮೊಬೈಲ್ ಸ್ಕ್ರೀನ್ ಸ್ಪಂದಿಸುವುದಿಲ್ಲ, ಹಿಂದೆ ಗಿರಾಕಿಗಳು ನಿಂತಿರುವಾಗ ಅದನ್ನು ಒರೆಸುತ್ತಾ ನಿಂತರೆ ಅವರಿಗೂ ತೊಂದರೆ. ಅರ್ಧ ಲೀಟರ್ ನೀರು, ಒಂದು ಕರವಸ್ತ್ರ. ಬೆವರುವ ಮೈಯಲ್ಲಿ ಗಾಜಿನ ಪೆಟ್ಟಿಗೆಗೆ ಒರಗಬೇಡಿ, ಬನ್ನನ್ನು ನೀವೇ ಮುಟ್ಟಿ ಆರಿಸಬೇಡಿ. ಒತ್ತಿ ನೋಡುವುದು ಕೊಂಡ ಮೇಲೆ.

ಕೊನೆಯ ಬೇಕರಿಯಲ್ಲಿ ಕಾಲು ಕಿಲೋ ಟೋಸ್ಟ್ ಕಟ್ಟಿಸಿಕೊಳ್ಳಿ. ಕೈಯಲ್ಲಿ ಮುರಿದರೆ ಟಪ್ ಅಂತ ಒಂದೇ ಸದ್ದಿಗೆ ಮುರಿಯಬೇಕು, ಬಾಗಿ ಮುರಿದರೆ ನಡುವೆ ತೇವ ಉಳಿದಿದೆ, ನಾಲ್ಕೇ ದಿನಕ್ಕೆ ಮೆತ್ತಗಾಗುತ್ತದೆ. ಮುಂದಿನ ಓಟದ ದಿನ ಹೊರಡುವ ಮುಕ್ಕಾಲು ತಾಸು ಮೊದಲು ಎರಡು ಟೋಸ್ಟನ್ನು ಚಹಾದಲ್ಲಿ ಅದ್ದಿ ತಿಂದರೆ, ಮೊದಲ ಬೇಕರಿ ತಲುಪುವವರೆಗೆ ಅಷ್ಟು ಸಾಕು.